ಕಡಲಿಗೆ ಹೋಗುವ ದಾರಿ ಯಾರದು?

ಕಡಲ ಕರೆಯ ಸಣ್ಣ ಊರೊಂದಕ್ಕೆ ದೊಡ್ಡ ಹೋಟೆಲು ಬರುತ್ತದಂತೆ ಎಂಬ ಸುದ್ದಿ ಹಬ್ಬಿದರೆ ಸಾಕು, ಊರು ಎರಡು ಪಾಲಾಗಿದೆ ಎಂದು ಹೊರಗಿನವರು ತೀರ್ಮಾನಿಸಿಬಿಡುತ್ತಾರೆ. ಒಂದು ಪಾಲು ಅಭಿವೃದ್ಧಿಯ ಪರ, ಇನ್ನೊಂದು ಪಾಲು ವಿರೋಧ. ಪತ್ರಿಕೆಗಳ ವರದಿಯೂ ಹೀಗೆಯೇ, ಅಧಿಕಾರಿಗಳ ಟಿಪ್ಪಣಿಯೂ ಹೀಗೆಯೇ. ಆದರೆ ಇಂಥ ಊರುಗಳ ಗ್ರಾಮಸಭೆಯಲ್ಲಿ ಕುಳಿತು ಕೇಳಿದರೆ ಬೇರೆ ಮಾತು ಕಿವಿಗೆ ಬೀಳುತ್ತದೆ. ಬೇಕೇ ಬೇಕು ಎನ್ನುವವರು ಕೆಲವರು, ಬೇಡವೇ ಬೇಡ ಎನ್ನುವವರು ಕೆಲವರು. ಮಿಕ್ಕವರೆಲ್ಲರೂ ‘ಬರಲಿ, ಆದರೆ...’ ಎಂದು ಮಾತು ಆರಂಭಿಸುತ್ತಾರೆ. ಬರಲಿ, ಆದರೆ ದೋಣಿ ಎಳೆಯುವ ಜಾಗ ಬಿಡಲಿ. ಬರಲಿ, ಆದರೆ ಬಾವಿಯ ನೀರು ಉಪ್ಪಾಗದಿರಲಿ. ಬರಲಿ, ಆದರೆ ಕಡಲಿಗೆ ಇಳಿಯುವ ದಾರಿ ಮುಚ್ಚದಿರಲಿ.

ಊರಿನ ನಿಜವಾದ ಅಭಿಪ್ರಾಯವಿರುವುದು ಈ ‘ಆದರೆ’ಯ ನಂತರ ಬರುವ ಮಾತಿನಲ್ಲಿ. ಪರ-ವಿರೋಧಗಳ ಲೆಕ್ಕದಲ್ಲಿ ಮೊದಲು ಕಳೆದುಹೋಗುವುದೂ ಅದೇ. ಹಾಗೆ ಕಳೆದುಹೋದ ಒಂದು ಷರತ್ತಿಗಾಗಿ, ಕಡಲಿಗೆ ಹೋಗುವ ಒಂದು ಕಾಲುದಾರಿಗಾಗಿ, ನಮ್ಮ ನೆರೆಯ ಗೋವಾದಲ್ಲಿ ನಡೆದ ವ್ಯಾಜ್ಯ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಅದರ ಕಥೆ ಕರಾವಳಿಯ ಎಲ್ಲ ಊರುಗಳೂ ತಿಳಿದಿರಬೇಕಾದದ್ದು. ಅದನ್ನು ಹೇಳುವ ಮೊದಲು, ದಂಡೆ ಎಂಬ ಆ ಮರಳಿನ ಪಟ್ಟಿ ಊರಿಗೆ ಏನಾಗಿದೆ ಎಂಬುದನ್ನು ನೋಡಬೇಕು.

ಪಹಣಿಯಲ್ಲಿಲ್ಲದ ಜಾಗ

ಪ್ರವಾಸಿಗೆ ದಂಡೆ ಎಂದರೆ ನೋಟ. ಊರವರಿಗೆ ಅದು ಅಂಗಳ. ಬಲೆ ಒಣಗಿಸುವುದು, ಹರಿದ ಬಲೆ ಹೊಲಿಯುವುದು, ಮಳೆಗಾಲದಲ್ಲಿ ದೋಣಿಗಳನ್ನು ಮೇಲೆ ಎಳೆದು ಮಡಲು ಮುಚ್ಚಿಡುವುದು, ಮೀನು ಪಾಲು ಮಾಡುವುದು, ಮಿಕ್ಕಿದ್ದನ್ನು ಒಣಗಲು ಹರಡುವುದು ಎಲ್ಲವೂ ನಡೆಯುವುದು ಅಲ್ಲಿಯೇ. ಶ್ರಾವಣದ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಒಪ್ಪಿಸುವುದು ಅಲ್ಲಿ, ಎಳ್ಳಮಾವಾಸ್ಯೆಯ ಸಮುದ್ರಸ್ನಾನ ಅಲ್ಲಿ, ಸತ್ತವರ ಬೂದಿ ಬಿಡುವುದೂ ಅಲ್ಲಿ. ಸಂಜೆ ಹುಡುಗರಿಗೆ ಆಟದ ಬಯಲು, ಮುದುಕರಿಗೆ ಹರಟೆಕಟ್ಟೆ.

ಈ ಬಳಕೆಗೆ ಎಷ್ಟು ಜಾಗ ಬೇಕು ಎಂಬುದಕ್ಕೆ ರಂಪಣಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಉತ್ತರ ಕನ್ನಡದಿಂದ ದಕ್ಷಿಣ ಕನ್ನಡದವರೆಗೆ ಹಿರಿಯರಿಗೆಲ್ಲ ನೆನಪಿರುವ ಈ ಬಲೆ ಗೋವಾದಲ್ಲಿ ‘ರಾಂಪೊಣ್’. ಅದನ್ನು ಎಳೆಯುವವರು ‘ರಾಂಪೊಣ್‌ಕಾರ್’. ಬಂಗುಡೆಯ ಹಿಂಡು ಕರೆಗೆ ಬಂದಾಗ ದೋಣಿಯಲ್ಲಿ ಬಲೆ ಒಯ್ದು ಅರ್ಧಚಂದ್ರಾಕಾರವಾಗಿ ಸುತ್ತುವರಿಯುತ್ತಿದ್ದರು. ಎರಡೂ ತುದಿಗಳ ಹಗ್ಗವನ್ನು ದಂಡೆಯಲ್ಲಿ ನಿಂತ ಹತ್ತಾರು, ಕೆಲವೊಮ್ಮೆ ನೂರಾರು ಜನ ಎಳೆಯುತ್ತಿದ್ದರು. ಬಲೆ ಯಾರೋ ಒಬ್ಬನದಲ್ಲ, ಹಲವರ ತುಂಡುಗಳನ್ನು ಜೋಡಿಸಿ ಮಾಡಿದ್ದು. ಮೀನೂ ಹಾಗೆಯೇ ಪಾಲಾಗುತ್ತಿತ್ತು. ಬಲೆಯ ಎರಡು ತುದಿಗಳ ನಡುವೆ ದಂಡೆ ಅಡೆತಡೆಯಿಲ್ಲದೆ ತೆರೆದಿರಬೇಕಿತ್ತು. 1970ರ ದಶಕದ ನಡುವೆ ಪರ್ಸೀನ್ ದೋಣಿಗಳು ಬಂದ ಮೇಲೆ ನಮ್ಮ ಕರಾವಳಿಯಲ್ಲಿ ರಂಪಣಿ ಬಹುಮಟ್ಟಿಗೆ ಮರೆಯಾಯಿತು. ಗೋವಾದಲ್ಲಿ ಅದೇ ದಶಕದಲ್ಲಿ ರಾಂಪೊಣ್‌ಕಾರರು ಟ್ರಾಲರುಗಳ ವಿರುದ್ಧ ದೊಡ್ಡ ಚಳವಳಿಯನ್ನೇ ನಡೆಸಿದರು. ಕಡಲ ಒಡಲಲ್ಲಿ ಟ್ರಾಲರು, ಕಡಲ ಅಂಚಿನಲ್ಲಿ ಹೋಟೆಲು. ಸಣ್ಣ ಮೀನುಗಾರನಿಗೆ ಎರಡೂ ಕಡೆಯಿಂದ ಜಾಗ ಕಿರಿದಾದ ಕಾಲ ಅದು.

ಇಷ್ಟೆಲ್ಲ ಬಳಕೆಯಿರುವ ಈ ಜಾಗ ಯಾರದು ಎಂದು ದಾಖಲೆ ತೆಗೆದು ನೋಡಿದರೆ ಸಿಗುವ ಉತ್ತರ ಮಾತ್ರ ಬಲು ತೆಳು. ಅಲೆ ತಾಕುವ ಮರಳು ಸರಕಾರದ್ದು. ಅದರ ಹಿಂದಿನ ತೆಂಗಿನ ತೋಟ ಖಾಸಗಿಯವರದು. ತೋಟದ ನಡುವೆ ಹಾದುಹೋಗುವ ಕಾಲುದಾರಿ ನಕಾಶೆಯಲ್ಲಿ ಇದ್ದರೂ ಇರಬಹುದು, ಇಲ್ಲದಿದ್ದರೂ ಇಲ್ಲ. ಬಲೆ ಒಣಗಿಸುವ ಜಾಗಕ್ಕೆ ಸರ್ವೆ ನಂಬರಿಲ್ಲ.

ಗೋವಾದಲ್ಲಿ ಊರಿನ ರೂಢಿಗಳನ್ನು ಬರೆದಿಡುವ ಕೆಲಸ ಬಹಳ ಹಿಂದೆಯೇ ನಡೆದಿತ್ತು. ಪೋರ್ಚುಗೀಸರು ಬರುವ ಮೊದಲಿನಿಂದಲೂ ಅಲ್ಲಿ ‘ಗಾಂವಕಾರಿ’ ಎಂಬ ಗ್ರಾಮ ಸಮುದಾಯಗಳಿದ್ದವು. ಅವುಗಳನ್ನೇ ಪೋರ್ಚುಗೀಸರು ‘ಕೊಮುನಿದಾದ್’ ಎಂದು ಕರೆದರು. ಅಫೊನ್ಸೊ ಮೆಶಿಯಾ ಎಂಬ ಅಧಿಕಾರಿ 1526ರಲ್ಲಿ ಈ ಸಮುದಾಯಗಳ ರೂಢಿ-ಪದ್ಧತಿಗಳನ್ನು ಒಂದು ಸನ್ನದಿನ ರೂಪದಲ್ಲಿ ದಾಖಲಿಸಿದ. ಅದರ ಮುಖ್ಯ ಗಮನ ಗದ್ದೆ, ಕಂದಾಯ ಮತ್ತು ಗಾಂವಕಾರರ ಹಕ್ಕುಗಳ ಮೇಲೆ ಇತ್ತು. ಕಂದಾಯ ಕೊಡುವ ಭೂಮಿಗೆ ದಾಖಲೆ ಹುಟ್ಟುತ್ತದೆ, ಕಂದಾಯವಿಲ್ಲದ ಮರಳಿಗೆ ಹುಟ್ಟುವುದಿಲ್ಲ. ನಮ್ಮ ಕಡೆಯೂ ಬ್ರಿಟಿಷರ ಕಾಲದ ಸರ್ವೆ ಇದೇ ತರ್ಕದ ಮೇಲೆ ನಡೆಯಿತು.

ಆದ್ದರಿಂದಲೇ ಹೋಟೆಲಿನವರು ಹಿಂದಿನ ತೋಟವನ್ನು ಕ್ರಯಕ್ಕೆ ಪಡೆದಾಗ ಕಾಗದದಲ್ಲಿ ಕೈ ಬದಲಾಗುವುದು ತೋಟ ಮಾತ್ರ. ತೋಟದ ಮೂಲಕವೇ ದಂಡೆಗೆ ದಾರಿಯಿದ್ದರೆ ದಂಡೆಯೂ ಅದರ ಹಿಂದೆಯೇ ಕೈ ಬಿಟ್ಟುಹೋಗುತ್ತದೆ. ಮಾರಿದವನಿಗೆ ಹಣ ಬರುತ್ತದೆ, ನಡೆಯುತ್ತಿದ್ದವನಿಗೆ ಏನೂ ಬರುವುದಿಲ್ಲ.

ಊರಿನ ಬಾಯಿ ಒಂದಲ್ಲ

ಊರಿನಲ್ಲಿ ಒಬ್ಬೊಬ್ಬರ ಮಾತು ಒಂದೊಂದು ಬಗೆ. ಯಾರನ್ನೂ ಸ್ವಾರ್ಥಿ ಎಂದು ತಳ್ಳಿಹಾಕುವಂತಿಲ್ಲ.

ಜಮೀನಿನ ಒಡೆಯನ ಮಾತು ಸರಳ. ತೆಂಗಿನಿಂದ ಹುಟ್ಟುವಳಿ ಕಡಿಮೆ, ಕಾಯಿ ಕೀಳಲು ಆಳಿಲ್ಲ, ಮಕ್ಕಳು ಮುಂಬಯಿಯಲ್ಲೋ ಕೊಲ್ಲಿ ದೇಶದಲ್ಲೋ ಇದ್ದಾರೆ. ಒಳ್ಳೆಯ ಬೆಲೆ ಬಂದಾಗ ಮಾರಬೇಡ ಎನ್ನಲು ಊರಿಗೆ ಯಾವ ಅಧಿಕಾರವಿದೆ ಎಂಬುದು ಅವನ ಪ್ರಶ್ನೆ.

ಅದೇ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡು ತಲೆಮಾರುಗಳಿಂದ ಬದುಕಿದವನ ಮಾತು ಬೇರೆ. ಗೋವಾದಲ್ಲಿ ಇಂಥವರನ್ನು ‘ಮುಂಡ್ಕಾರ್’ ಎನ್ನುತ್ತಾರೆ. ಅವರನ್ನು ಒಕ್ಕಲೆಬ್ಬಿಸದಂತೆ ರಕ್ಷಿಸಲು 1975ರಲ್ಲಿ ಕಾಯಿದೆಯೇ ಬಂತು. ಆದರೆ ಕಾಯಿದೆ ಮನೆಯನ್ನು ಕಾಪಾಡಬಲ್ಲದು. ಮನೆಯ ಮುಂದಿನ ಕಡಲನ್ನು ಕಾಪಾಡುವುದು ಅದರ ಕೆಲಸವಲ್ಲ.

ಕೆಲಸ ಹುಡುಕುವ ಯುವಕರಿಗೆ, ಟ್ಯಾಕ್ಸಿ ಓಡಿಸುವವರಿಗೆ, ಒಂದೆರಡು ಕೋಣೆ ಬಾಡಿಗೆಗೆ ಕೊಡುವವರಿಗೆ ಹೋಟೆಲು ಎಂದರೆ ಆಸೆ. ಅವರಿಗೂ ಅನುಮಾನಗಳಿವೆ. ದೊಡ್ಡ ಹೋಟೆಲಿನಲ್ಲಿ ಅಡುಗೆಯವನು, ಮ್ಯಾನೇಜರು ಪಟ್ಟಣದ ತರಬೇತಿ ಶಾಲೆಗಳಿಂದ ಬರುತ್ತಾರೆ. ಊರಿನವರ ಪಾಲಿಗೆ ತೋಟದ ಕೆಲಸ, ಕಾವಲು, ಬಟ್ಟೆ ಒಗೆಯುವ ಕೆಲಸ ಉಳಿಯುತ್ತದೆ. ಅತಿಥಿಗಳು ಆವರಣದೊಳಗೇ ಉಂಡು, ಅಲ್ಲಿಯೇ ಕೊಂಡು, ಹೋಟೆಲಿನ ಕಾರಿನಲ್ಲಿಯೇ ಓಡಾಡಿದರೆ ಹೊರಗಿನ ಅಂಗಡಿಗೆ ಏನು ದಕ್ಕೀತು ಎಂದು ಅವರೂ ಕೇಳುತ್ತಾರೆ.

ಹೆಂಗಸರ ಮಾತು ಹೆಚ್ಚಾಗಿ ಬಾವಿಯ ಸುತ್ತ ಸುತ್ತುತ್ತದೆ. ಅದು ಬರಿಯ ಭಯವಲ್ಲ, ಅದರ ಹಿಂದೆ ಗಟ್ಟಿಯಾದ ವಿಜ್ಞಾನವಿದೆ. ಕರಾವಳಿಯ ಮರಳಿನಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಭಾರ. ಈ ಭಾರಗಳ ಲೆಕ್ಕದ ಪ್ರಕಾರ ಮೇಲಿನ ಸಿಹಿನೀರಿನ ಮಟ್ಟ ಒಂದು ಅಡಿ ಕುಸಿದರೆ ಕೆಳಗಿನ ಉಪ್ಪುನೀರು ಸುಮಾರು 40 ಅಡಿಯಷ್ಟು ಮೇಲೇರಬಲ್ಲದು. ಈಜುಕೊಳಕ್ಕೆ, ಹುಲ್ಲುಹಾಸಿಗೆ, ನೂರಾರು ಸ್ನಾನದ ಮನೆಗಳಿಗೆ ಹಗಲಿರುಳು ಪಂಪು ನಡೆಸಿದರೆ ಪಕ್ಕದ ಮನೆಯ ಬಾವಿ ಬತ್ತಲೇಬೇಕೆಂದಿಲ್ಲ. ನೀರು ಇದ್ದೂ ಕುಡಿಯಲು ಬಾರದಂತಾದರೆ ಸಾಕು.

ಇವೆಲ್ಲವನ್ನೂ ಸೇರಿಸಿದರೆ ಊರಿನ ಅಭಿಪ್ರಾಯವಾಗುತ್ತದೆ. ಅದು ಮತಗಳ ಎಣಿಕೆಯಲ್ಲ, ಷರತ್ತುಗಳ ಪಟ್ಟಿ. ಆ ಪಟ್ಟಿಯ ಒಂದು ಷರತ್ತು ಬರವಣಿಗೆಗೆ ಇಳಿದರೂ ಅದರ ಗತಿ ಏನಾಯಿತು ಎಂಬುದನ್ನು ವಾಯಂಗಿಣಿಯಲ್ಲಿ ನೋಡಬಹುದು.

ವಾಯಂಗಿಣಿಯ ಕಾಲುದಾರಿ

ಪಣಜಿಯ ಪಕ್ಕದಲ್ಲಿ, ಮಾಂಡವಿ ಮತ್ತು ಜುವಾರಿ ನದಿಗಳು ಕಡಲು ಸೇರುವಲ್ಲಿ ಡೋನಾ ಪೌಲಾ ಎಂಬ ಗುಡ್ಡದ ಮೂಗಿದೆ. ಅದರ ಬದಿಯ ಸಣ್ಣ ಕೊಲ್ಲಿಯಲ್ಲಿ ವಾಯಂಗಿಣಿ ಎಂಬ ಪುಟ್ಟ ದಂಡೆ. ಕಂದಾಯ ದಾಖಲೆಯಲ್ಲಿ ಇದು ತಾಳೆಗಾಂವ್ ಗ್ರಾಮಕ್ಕೆ ಸೇರಿದ್ದು. 1978ರಲ್ಲಿ ಇಲ್ಲಿನ ಹಲವು ಸರ್ವೆ ನಂಬರುಗಳ ಜಮೀನನ್ನು ಹೋಟೆಲು ಕಟ್ಟಲು ಒಂದು ಕಂಪೆನಿ ಕೊಂಡಿತು. ಖ್ಯಾತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರೆಯಾ ವಿನ್ಯಾಸಗೊಳಿಸಿದ ‘ಸಿದಾದ್ ದ ಗೋವಾ’ ಹೋಟೆಲು ಅಲ್ಲಿ ತಲೆಯೆತ್ತಿತು. ಪೋರ್ಚುಗೀಸಿನಲ್ಲಿ ಆ ಹೆಸರಿಗೆ ‘ಗೋವಾ ನಗರ’ ಎಂದರ್ಥ.

ಕೊಂಡ ಜಮೀನು ಕಂಪೆನಿಗೆ ಸಾಲಲಿಲ್ಲ. ಪಕ್ಕದ ಕೆಲವು ಜಮೀನುಗಳ ಒಡೆಯರು ಮಾರಿರಲಿಲ್ಲ. ಅವನ್ನು ಸ್ವಾಧೀನಪಡಿಸಿಕೊಡುವಂತೆ ಕಂಪೆನಿ ಸರಕಾರವನ್ನು ಕೇಳಿತು. 1894ರ ಭೂಸ್ವಾಧೀನ ಕಾಯಿದೆಯಲ್ಲಿ ಕಂಪೆನಿಗಾಗಿ ಸರಕಾರ ಭೂಮಿ ಪಡೆಯುವುದಕ್ಕೆ ಅವಕಾಶವಿತ್ತು. ಅದಕ್ಕೊಂದು ಕಟ್ಟೂ ಇತ್ತು. ಹಾಗೆ ಪಡೆಯುವ ಮೊದಲು ಕಂಪೆನಿಯು ಸರಕಾರದೊಡನೆ ಒಪ್ಪಂದ ಮಾಡಿಕೊಳ್ಳಬೇಕು, ಆ ಜಾಗದಲ್ಲಿ ಆಗುವ ಕೆಲಸದ ಉಪಯೋಗ ಸಾರ್ವಜನಿಕರಿಗೆ ಯಾವ ಷರತ್ತುಗಳ ಮೇಲೆ ಸಿಗುತ್ತದೆ ಎಂಬುದು ಅದರಲ್ಲಿರಬೇಕು. ಒಬ್ಬನ ಭೂಮಿಯನ್ನು ಬಲವಂತದಿಂದ ಕಿತ್ತು ಇನ್ನೊಬ್ಬನಿಗೆ ಕೊಡುವಾಗ ಅದರಲ್ಲಿ ಜನಹಿತ ಎಲ್ಲಿದೆ ಎಂಬುದಕ್ಕೆ ಆ ಒಪ್ಪಂದವೇ ಉತ್ತರ.

1980ರಲ್ಲಿ ಸ್ವಾಧೀನದ ಅಧಿಸೂಚನೆ ಹೊರಟಿತು. ಒಡೆಯರು ಕೋರ್ಟಿಗೆ ಹೋದರು. ಹೈಕೋರ್ಟಿನಲ್ಲಿ ಗೆದ್ದರೂ 1985ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ವಾಧೀನವನ್ನು ಎತ್ತಿಹಿಡಿಯಿತು. ಈ ನಡುವೆ 1983ರ ಅಕ್ಟೋಬರಿನಲ್ಲಿ ಕಂಪೆನಿ ಮತ್ತು ಸರಕಾರದ ನಡುವೆ ಒಪ್ಪಂದವಾಗಿತ್ತು. ದಂಡೆಗೆ ಹೋಗುವ ಸಾರ್ವಜನಿಕರ ದಾರಿಯನ್ನು ಉಳಿಸಿಕೊಡಬೇಕು ಎಂಬ ಷರತ್ತು ಅದರಲ್ಲಿತ್ತು. ಊರಿನವರು ಬಾಯಿಮಾತಿನಲ್ಲಿ ಹೇಳುವ ‘ಆದರೆ’ ಇಲ್ಲಿ ಕಾಗದದ ಮೇಲೆ, ಸಹಿಯೊಂದಿಗೆ ಇತ್ತು ಎಂಬುದನ್ನು ಗಮನಿಸಬೇಕು.

ಮುಂದೆ ಹೋಟೆಲಿನ ವಿಸ್ತರಣೆಯ ಕಟ್ಟಡ ಸರ್ವೆ ನಂಬರು 803ರಲ್ಲಿ ಎದ್ದಿತು. ಜನರು ಕಡಲಿಗೆ ನಡೆದುಹೋಗುತ್ತಿದ್ದುದು ಅದೇ ಜಾಗದ ಮೂಲಕ ಎಂದು ಸ್ಥಳೀಯರೂ ‘ಗೋವಾ ಫೌಂಡೇಶನ್’ ಎಂಬ ಪರಿಸರ ಸಂಸ್ಥೆಯೂ 1990ರ ದಶಕದ ಆರಂಭದಲ್ಲಿ ಮುಂಬಯಿ ಹೈಕೋರ್ಟಿನ ಪಣಜಿ ಪೀಠಕ್ಕೆ ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ಹಾಕಿದರು. ಜನರ ಹಕ್ಕಿಗೆ ಧಕ್ಕೆಯಾಗಿಲ್ಲ, ಒಪ್ಪಂದವನ್ನು ಮುರಿದಿಲ್ಲ ಎಂದು ಕಂಪೆನಿ ವಾದಿಸಿತು.

2000ದ ಏಪ್ರಿಲಿನಲ್ಲಿ ಹೈಕೋರ್ಟು ತೀರ್ಪು ಕೊಟ್ಟಿತು: ಒಪ್ಪಂದದ ಉಲ್ಲಂಘನೆಯಾಗಿದೆ, ವಿಸ್ತರಣೆಯ ಕಟ್ಟಡವನ್ನು ಕೆಡವಿ ದಾರಿಯನ್ನು ತೆರವು ಮಾಡಬೇಕು. ಮೇಲ್ಮನವಿ ಒಂಬತ್ತು ವರ್ಷ ನಡೆಯಿತು. 2009ರ ಜನವರಿ 20ರಂದು ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

ಈ ತೀರ್ಪು ‘ಸಾರ್ವಜನಿಕ ವಿಶ್ವಸ್ತತೆ’ ಎಂಬ ತತ್ತ್ವವನ್ನು ಆಧಾರವಾಗಿ ಹಿಡಿಯಿತು. ಅದರ ಬೇರು ಬಲು ಹಳೆಯದು. ಆರನೆಯ ಶತಮಾನದಲ್ಲಿ ರೋಮನ್ ಚಕ್ರವರ್ತಿ ಜಸ್ಟಿನಿಯನ್ ಸಂಗ್ರಹಿಸಿದ ನ್ಯಾಯಸಂಹಿತೆಯಲ್ಲಿ ಗಾಳಿ, ಹರಿಯುವ ನೀರು, ಕಡಲು ಮತ್ತು ಕಡಲ ದಂಡೆ ಎಲ್ಲರಿಗೂ ಸೇರಿದವು ಎಂಬ ಮಾತಿದೆ. ಆಧುನಿಕ ನ್ಯಾಯಶಾಸ್ತ್ರ ಇದಕ್ಕೆ ಒಂದು ಹೆಜ್ಜೆ ಸೇರಿಸಿತು: ಇವು ಸರಕಾರದ ಹೆಸರಿನಲ್ಲಿ ಇದ್ದರೂ ಸರಕಾರ ಇವುಗಳ ಒಡೆಯನಲ್ಲ, ಧರ್ಮದರ್ಶಿ ಮಾತ್ರ. ದೇವಸ್ಥಾನದ ಆಸ್ತಿಯನ್ನು ಮೊಕ್ತೇಸರ ತನಗೆ ಬೇಕಾದವರಿಗೆ ಕೊಡಲಾಗದ ಹಾಗೆ ಸರಕಾರವೂ ಇವನ್ನು ಖಾಸಗಿಯವರಿಗೆ ಕೊಡುವಂತಿಲ್ಲ. ಹಿಮಾಚಲ ಪ್ರದೇಶದ ಬಿಯಾಸ್ ನದಿಯ ದಂಡೆಯಲ್ಲಿ ಮೋಟೆಲೊಂದು ತನ್ನ ರಕ್ಷಣೆಗಾಗಿ ನದಿಯ ಹರಿವನ್ನೇ ತಿರುಗಿಸಿದ ಪ್ರಕರಣದಲ್ಲಿ, 1996ರ ಡಿಸೆಂಬರಿನಲ್ಲಿ, ಸರ್ವೋಚ್ಚ ನ್ಯಾಯಾಲಯ ಈ ತತ್ತ್ವವನ್ನು ನಮ್ಮ ಕಾನೂನಿನ ಭಾಗವೆಂದು ಸಾರಿತ್ತು. ನಮ್ಮಲ್ಲಿ ಈ ತತ್ತ್ವ ನೆಲೆಗೊಂಡದ್ದೂ, ಕಾಲುದಾರಿಯೊಂದಕ್ಕೆ ಅನ್ವಯವಾದದ್ದೂ ನೀರಂಚಿನ ಹೋಟೆಲುಗಳ ವ್ಯಾಜ್ಯಗಳಲ್ಲಿ ಎಂಬುದು ಗಮನಾರ್ಹ.

ಕಥೆ ಇಲ್ಲಿಗೇ ನಿಂತಿದ್ದರೆ ಅದು ಊರಿನ ಗೆಲುವಿನ ಕಥೆಯಾಗುತ್ತಿತ್ತು. ಆದರೆ ತೀರ್ಪು ಬಂದ ಅದೇ 2009ರಲ್ಲಿ ಗೋವಾ ಸರಕಾರ ಸುಗ್ರೀವಾಜ್ಞೆ ಹೊರಡಿಸಿತು. ಅದು ಮುಂದೆ ಕಾಯಿದೆಯೂ ಆಯಿತು. ಭೂಸ್ವಾಧೀನ ಕಾಯಿದೆಗೆ ರಾಜ್ಯದ ಮಟ್ಟಿಗೆ ಪೂರ್ವಾನ್ವಯವಾಗುವಂತೆ ತಿದ್ದುಪಡಿ ತಂದು, ಅಂಥ ಒಪ್ಪಂದಗಳ ಷರತ್ತುಗಳನ್ನು ಬದಲಿಸುವುದಕ್ಕೆ ದಾರಿ ಮಾಡಿಕೊಂಡಿತು. ಪ್ರವಾಸೋದ್ಯಮ ಮತ್ತು ಉದ್ಯೋಗದ ಹಿತ ಎಂಬುದು ಸರಕಾರದ ಸಮರ್ಥನೆ. ಕೋರ್ಟಿನಲ್ಲಿ ಗೆದ್ದದ್ದನ್ನು ಶಾಸನದಿಂದ ಕಿತ್ತುಕೊಂಡರು ಎಂಬುದು ವಿರೋಧಿಗಳ ಆಕ್ಷೇಪ. ತಿದ್ದುಪಡಿಯನ್ನು ಪ್ರಶ್ನಿಸಿದ ಅರ್ಜಿಯ ಮೇಲೆ 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತಿದ್ದುಪಡಿ ಸಿಂಧು ಎಂದಿತು. ಕಟ್ಟಡ ಉಳಿಯಿತು. ಒಪ್ಪಂದದ ಸಹಿಯಿಂದ ಈ ಕೊನೆಯ ತೀರ್ಪಿನವರೆಗೆ 33 ವರ್ಷ. ಮೊದಲು ಆ ದಾರಿಯಲ್ಲಿ ಆಡುತ್ತ ಕಡಲಿಗೆ ಓಡಿದ ಮಕ್ಕಳು ಅಷ್ಟರಲ್ಲಿ ನಡುವಯಸ್ಸು ದಾಟಿದ್ದರು.

ಊರನ್ನು ಕೇಳುವವರು ಯಾರು?

ಇಷ್ಟೆಲ್ಲ ಆದ ಮೇಲೆ ಓದುಗರಿಗೆ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ. ಹೋಟೆಲಿನ ಅಡಿಪಾಯ ಬೀಳುವ ಮೊದಲೇ ಊರನ್ನು ಕೇಳುವ ವ್ಯವಸ್ಥೆ ನಮ್ಮಲ್ಲಿ ಇಲ್ಲವೆ? ಇದೆ, ಆದರೆ ಅದು ಹಿಂದುಮುಂದಾಗಿ ಬೆಳೆದಿದೆ.

1981ರ ನವೆಂಬರಿನಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಭರತದ ನೀರು ತಲಪುವ ಗೆರೆಯಿಂದ 500 ಮೀಟರ್‌ವರೆಗಿನ ದಂಡೆಯನ್ನು ಕಟ್ಟಡಗಳಿಂದ ಮುಕ್ತವಾಗಿಡಬೇಕೆಂದು ತಿಳಿಸಿದರು. ಅದು ಸಲಹೆ, ಕಾಯಿದೆಯಲ್ಲ. ಕಾಯಿದೆಯ ಬಲ ಬಂದದ್ದು 1991ರ ಫೆಬ್ರವರಿ 19ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಿಂದ. ಅದರ ಪ್ರಕಾರ ಗ್ರಾಮೀಣ ಕರಾವಳಿಯಲ್ಲಿ ಮೊದಲ 200 ಮೀಟರಿನಲ್ಲಿ ಹೊಸ ನಿರ್ಮಾಣ ಸಲ್ಲದು. 200ರಿಂದ 500 ಮೀಟರಿನ ನಡುವೆ ಅನುಮತಿ ಪಡೆದು ಹೋಟೆಲು ಕಟ್ಟಬಹುದು, ಆದರೆ ಎತ್ತರ 9 ಮೀಟರು ಮೀರಬಾರದು, ಎರಡು ಅಂತಸ್ತಿಗಿಂತ ಹೆಚ್ಚಿರಬಾರದು. ದಂಡೆಯ 200 ಮೀಟರಿನೊಳಗೆ ಹೋಟೆಲಿಗಾಗಿ ಅಂತರ್ಜಲ ಎತ್ತಬಾರದು. ಇನ್ನೂ ಒಂದು ಮಾತು ಅದರಲ್ಲಿತ್ತು. ಜನರು ದಂಡೆಗೆ ಹೋಗುವುದಕ್ಕಾಗಿ ಎರಡು ಹೋಟೆಲುಗಳ ನಡುವೆ ಕನಿಷ್ಠ 20 ಮೀಟರು ಅಗಲದ ತೆರಪು ಬಿಡಬೇಕು. ಬಾವಿ ಮತ್ತು ದಾರಿಯ ಬಗ್ಗೆ ಊರವರು ಹೇಳುವ ಮಾತು ದೆಹಲಿಯ ಅಧಿಸೂಚನೆಯ ಅನುಬಂಧದಲ್ಲಿ ಹೀಗೆ ಜಾಗ ಪಡೆದಿತ್ತು.

ಹೋಟೆಲು ಉದ್ಯಮಕ್ಕೆ ಈ ಕಟ್ಟು ಬಿಗಿಯೆನಿಸಿತು. 1994ರ ಆಗಸ್ಟಿನಲ್ಲಿ ಕೇಂದ್ರವು ಅದನ್ನು ಸಡಿಲಿಸಿ, 200 ಮೀಟರಿನ ಒಳಗೂ ತನ್ನ ವಿವೇಚನೆಯಂತೆ ಅನುಮತಿ ಕೊಡುವ ಅಧಿಕಾರವನ್ನು ಇಟ್ಟುಕೊಂಡಿತು. 1996ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು.

ಜನರನ್ನು ಕೇಳುವ ಮಾತು ಬಂದದ್ದು ಪರಿಸರ ಪರಿಣಾಮ ಅಂದಾಜಿನ ಕಾನೂನಿನಲ್ಲಿ. 1994ರ ಆ ಅಧಿಸೂಚನೆಯ ಪಟ್ಟಿಯಲ್ಲಿ ಭರತದ ಗೆರೆಯಿಂದ 200ರಿಂದ 500 ಮೀಟರಿನೊಳಗಿನ, ಐದು ಕೋಟಿ ರೂಪಾಯಿ ಮೀರಿದ ಪ್ರವಾಸೋದ್ಯಮ ಯೋಜನೆಗಳೂ ಇದ್ದವು. 1997ರಲ್ಲಿ ಪಟ್ಟಿಯ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆಯೂ ಸೇರಿತು. ಆದರೆ 2006ರ ಹೊಸ ಅಧಿಸೂಚನೆಯಲ್ಲಿ ಪ್ರವಾಸೋದ್ಯಮವೆಂಬ ಬೇರೆ ಬಾಬು ಉಳಿಯಲಿಲ್ಲ. ಹೋಟೆಲು ಉಳಿದ ಕಟ್ಟಡಗಳಂತೆ ಒಂದು ಕಟ್ಟಡವಾಯಿತು. 20,000 ಚದರ ಮೀಟರಿಗಿಂತ ದೊಡ್ಡದಾದರೆ ಮಾತ್ರ ಪರಿಸರ ಅನುಮತಿ ಬೇಕು, ಮತ್ತು ಕಟ್ಟಡಗಳ ವರ್ಗಕ್ಕೆ ಸಾರ್ವಜನಿಕರ ಅಭಿಪ್ರಾಯ ಕೇಳುವ ಅಗತ್ಯವಿಲ್ಲ. ಹೀಗೆ 1997ರಲ್ಲಿ ತೆರೆದ ಬಾಗಿಲು 2006ರಲ್ಲಿ ಮುಚ್ಚಿತು. 2019ರ ಜನವರಿಯ ಕರಾವಳಿ ಅಧಿಸೂಚನೆ ಇನ್ನಷ್ಟು ಮುಂದೆ ಹೋಗಿ, 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವ ಗ್ರಾಮೀಣ ಕರಾವಳಿಯಲ್ಲಿ ನಿರ್ಮಾಣ ನಿಷೇಧದ ಪಟ್ಟಿಯನ್ನು 200ರಿಂದ 50 ಮೀಟರಿಗೆ ಇಳಿಸಿತು. ಇದರಿಂದ ದಂಡೆಯಲ್ಲಿ ಬದುಕುವ ಮೀನುಗಾರರಿಗೆ ಮನೆ ಕಟ್ಟಿಕೊಳ್ಳಲು ಅನುಕೂಲವಾಗುತ್ತದೆ ಎಂಬುದು ನಿಜವೇ. ಅದೇ ಅನುಕೂಲ ಹೋಟೆಲಿಗೂ ಇದೆ ಎಂಬುದೂ ಅಷ್ಟೇ ನಿಜ.

ಮಿಕ್ಕಿರುವುದು ಗ್ರಾಮಸಭೆ. ಸಂವಿಧಾನದ 73ನೆಯ ತಿದ್ದುಪಡಿ ಅದಕ್ಕೆ ಮಾನ್ಯತೆ ಕೊಟ್ಟಿದೆ. ಅಲ್ಲಿ ನಿರ್ಣಯ ಮಾಡಬಹುದು. ಆದರೆ ಬಯಲುಸೀಮೆಯಾಗಲಿ ಕರಾವಳಿಯಾಗಲಿ, ಸಾಮಾನ್ಯ ಪ್ರದೇಶದ ಗ್ರಾಮಸಭೆಯ ಇಂಥ ನಿರ್ಣಯಕ್ಕೆ ಯೋಜನೆಯನ್ನು ತಡೆಯುವ ಬಲವನ್ನು ಕಾನೂನು ಸ್ಪಷ್ಟವಾಗಿ ಕೊಟ್ಟಿಲ್ಲ. ಹಾಗಾಗಿ ಊರಿನ ಮಾತು ಬಹಳ ಸಲ ಕೋರ್ಟಿನ ಮೆಟ್ಟಿಲಲ್ಲೇ ಮೊದಲ ಬಾರಿಗೆ ಗಂಭೀರವಾಗಿ ಕೇಳಿಬರುತ್ತದೆ.

ತಡವಾಗಿ ಬಂದ ನ್ಯಾಯ

ಕೋರ್ಟಿನಲ್ಲಿ ಊರು ಪೂರ್ತಿಯಾಗಿ ಗೆದ್ದ ಉದಾಹರಣೆಯೂ ಇದೆ. ಅದು ಕೇರಳದ ಆಲಪ್ಪುಳ ಜಿಲ್ಲೆಯ ಪಾಣಾವಳ್ಳಿ ಪಂಚಾಯತಿಯದು. ಅಲ್ಲಿನ ವೇಂಬನಾಡು ಹಿನ್ನೀರಿನ ನಡುವೆ ನೆಡಿಯತುರುತ್ತು ಎಂಬ ಸಣ್ಣ ದ್ವೀಪವಿದೆ. ಅದರ ಸುತ್ತ ನೀರಿನಲ್ಲಿ ಕಂಬ ನೆಟ್ಟು, ಇಳಿತದ ಸೆಳವಿಗೆ ಬಲೆ ಕಟ್ಟಿ ಮೀನು ಹಿಡಿಯುವ ಪದ್ಧತಿ. ಇಂಥ ಒಂದೊಂದು ಬಲೆಯ ತಾಣವೂ ಒಂದೊಂದು ಕುಟುಂಬದ ಜೀವನಾಧಾರ. ದ್ವೀಪದಲ್ಲಿ 54 ವಿಲ್ಲಾಗಳ ರಿಸಾರ್ಟು ಎದ್ದಾಗ ಮೀನುಗಾರರು ತಮ್ಮ ಬಲೆಗಳ ತಾಣ ನಾಶವಾಯಿತೆಂದು ಕೇರಳ ಹೈಕೋರ್ಟಿಗೆ ಹೋದರು. ಕರಾವಳಿ ಅಧಿಸೂಚನೆಯ ಉಲ್ಲಂಘನೆಯಾಗಿದೆ ಎಂದು 2013ರಲ್ಲಿ ಹೈಕೋರ್ಟು ಕೆಡವಲು ಆದೇಶಿಸಿತು. 2020ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಸ್ಥಿರಪಡಿಸಿತು. ಕೆಡವುವ ಕೆಲಸ ಶುರುವಾದದ್ದು 2022ರ ಸೆಪ್ಟೆಂಬರಿನಲ್ಲಿ, ಮುಗಿದದ್ದು 2023ರಲ್ಲಿ.

ನ್ಯಾಯ ಸಂದಿತು, ನಿಜ. ಆದರೆ ಹೂಡಿಕೆದಾರನ ಹಣ ಹೋಯಿತು, ಹೋಟೆಲಿನಲ್ಲಿ ಕೆಲಸದ ಕನಸು ಕಂಡವರ ಆಸೆ ಹೋಯಿತು, ಬಲೆ ಕಳೆದುಕೊಂಡವರ ಹತ್ತು ವರ್ಷಗಳೂ ಹೋದವು. ಕಟ್ಟುವ ಮೊದಲೇ ಬಲೆಯ ಕಂಬಗಳನ್ನು ಯಾರಾದರೂ ಎಣಿಸಿ ನಕಾಶೆಯಲ್ಲಿ ಗುರುತಿಸಿದ್ದರೆ ಇದ್ಯಾವುದೂ ಆಗಬೇಕಿರಲಿಲ್ಲ. ವಾಯಂಗಿಣಿಯಲ್ಲಿ ಷರತ್ತು ಕಾಗದದ ಮೇಲಿತ್ತು, ನೆಲದ ಮೇಲೆ ಉಳಿಯಲಿಲ್ಲ. ನೆಡಿಯತುರುತ್ತಿನಲ್ಲಿ ಬಳಕೆ ನೀರಿನಲ್ಲಿತ್ತು, ಕಟ್ಟಡಕ್ಕೆ ಅನುಮತಿ ಕೊಟ್ಟ ಕಾಗದದಲ್ಲಿ ಅದಕ್ಕೆ ಜಾಗವಿರಲಿಲ್ಲ.

ನಕಾಶೆಯಲ್ಲಿ ಒಂದು ಗೆರೆ

ಮುನ್ನೂರು ಕಿಲೋಮೀಟರಿಗೂ ಮಿಕ್ಕ ಕಡಲಂಚು ನಮಗೂ ಇದೆ. ಗೋಕರ್ಣದ ಕುಡ್ಲೆ, ಓಂ ದಂಡೆಗಳಿಂದ ಮಲ್ಪೆ, ಉಳ್ಳಾಲದವರೆಗೆ ಪ್ರವಾಸಿಗಳ ಕಣ್ಣು ಬಿದ್ದಿದೆ. ಹೋಟೆಲುಗಳು ಬರುತ್ತವೆ. ಎಲ್ಲವೂ ಕೆಟ್ಟವೇ ಆಗಬೇಕಾಗಿಲ್ಲ. ಹಾಗಾದರೆ ಊರು ಏನು ಮಾಡಬಹುದು?

ಕಾನೂನಿನಲ್ಲಿಯೇ ಒಂದು ಸಣ್ಣ ಕಿಂಡಿಯಿದೆ, ಅದರ ಬಗ್ಗೆ ತಿಳಿದವರು ಕಡಿಮೆ. ಕರಾವಳಿ ನಿಯಂತ್ರಣದ ವ್ಯವಸ್ಥೆಯಲ್ಲಿ ರಾಜ್ಯಗಳು ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕಾಶೆಗಳನ್ನು ತಯಾರಿಸಬೇಕು ಮತ್ತು ಕರಡಿನ ಬಗ್ಗೆ ಜನರ ಅಭಿಪ್ರಾಯ ಪಡೆಯಬೇಕು. 2011ರ ಅಧಿಸೂಚನೆಯು ಇನ್ನೂ ವಿವರವಾಗಿ, ಮೀನುಗಾರರ ವಸತಿ, ಅವರ ಸಮುದಾಯದ ಆಸ್ತಿ, ಮೀನು ಒಣಗಿಸುವ ಜಾಗ, ಜೆಟ್ಟಿ, ರಸ್ತೆ ಇವನ್ನೆಲ್ಲ ಸರ್ವೆ ನಂಬರುಗಳಿರುವ ಗ್ರಾಮ ನಕಾಶೆಯ ಮಟ್ಟದಲ್ಲಿ ಗುರುತಿಸಬೇಕು ಎಂದು ಹೇಳಿತು. ಅಂದರೆ ಪಹಣಿಯಲ್ಲಿಲ್ಲದ ಅಂಗಳಕ್ಕೆ ಮೊದಲ ಬಾರಿಗೆ ಗೆರೆ ಎಳೆಯುವ ಅವಕಾಶ. ಹೋಟೆಲಿನ ಅರ್ಜಿ ಬಂದ ಮೇಲೆ ಎಳೆದ ಗೆರೆ ತಕರಾರು ಎನಿಸಿಕೊಳ್ಳುತ್ತದೆ. ಅದಕ್ಕಿಂತ ಮೊದಲು ಎಳೆದ ಗೆರೆ ದಾಖಲೆಯಾಗುತ್ತದೆ.

ಹಳೆಯ ದಾರಿಗೆ ರೂಢಿಯ ಹಕ್ಕಿದೆ ಎಂಬುದನ್ನು 1882ರಷ್ಟು ಹಿಂದಿನ ಈಸ್‌ಮೆಂಟ್ ಕಾಯಿದೆಯೂ ಒಪ್ಪುತ್ತದೆ. ಆದರೆ ರೂಢಿಯನ್ನು ರುಜುವಾತುಪಡಿಸುವ ಹೊರೆ ನಡೆದವನ ಮೇಲೆಯೇ ಬೀಳುತ್ತದೆ. ಸಾಕ್ಷಿ ಹೇಳುವ ಮುದುಕರು ಒಬ್ಬೊಬ್ಬರಾಗಿ ಹೋಗುತ್ತಾರೆ. ಕಾಲುದಾರಿ ನಾಲ್ಕು ವರ್ಷ ತುಳಿಯದಿದ್ದರೆ ಹುಲ್ಲು ಬೆಳೆದು ತಾನೇ ಅಳಿಸಿಹೋಗುತ್ತದೆ. ಹೋಟೆಲಿನ ಬೇಲಿಗೆ ಅಷ್ಟು ಸಮಯವೂ ಬೇಕಿಲ್ಲ.

ಆದ್ದರಿಂದ ಇಂಥ ಊರುಗಳಲ್ಲಿ ಹೋಟೆಲು ಬೇಕೋ ಬೇಡವೋ ಎಂದು ಕೈ ಎತ್ತಿಸುವ ಮೊದಲು ಇನ್ನೊಂದು ಕೆಲಸ ಆಗಬೇಕು. ದೋಣಿ ಎಲ್ಲಿ ನಿಲ್ಲುತ್ತದೆ, ಬಲೆ ಎಲ್ಲಿ ಒಣಗುತ್ತದೆ, ಬಾವಿ ಎಷ್ಟಿವೆ, ಅವುಗಳ ನೀರಿನ ರುಚಿ ಇಂದು ಹೇಗಿದೆ, ಕಡಲಿಗೆ ಯಾವ ಯಾವ ದಾರಿಗಳಿವೆ ಎಂಬುದನ್ನು ಊರೇ ಬರೆದು, ಗ್ರಾಮಸಭೆಯ ನಡಾವಳಿಯಲ್ಲಿ ಸೇರಿಸಿ, ಜಿಲ್ಲಾಡಳಿತಕ್ಕೆ ಕಳಿಸಬೇಕು. ಅದಕ್ಕೆ ವಕೀಲರು ಬೇಡ, ಚಳವಳಿಯೂ ಬೇಡ. ಶಾಲೆಯ ಮೇಷ್ಟರು, ನಾಲ್ಕು ಮಂದಿ ಹಿರಿಯರು, ಒಂದು ಗ್ರಾಮ ನಕಾಶೆ ಇದ್ದರೆ ಸಾಕು. ಹೋಟೆಲು ಕಟ್ಟುವವನಿಗೂ ಇದರಿಂದ ನಷ್ಟವಿಲ್ಲ. ಯಾವ ಗೆರೆಯನ್ನು ದಾಟಬಾರದು ಎಂಬುದು ಹಣ ಸುರಿಯುವ ಮೊದಲೇ ಅವನಿಗೆ ಗೊತ್ತಾಗುತ್ತದೆ.

ವಾಯಂಗಿಣಿಯವರು ಹೋಟೆಲಿನ ಜಮೀನು ಕೇಳಲಿಲ್ಲ, ಲಾಭದಲ್ಲಿ ಪಾಲು ಕೇಳಲಿಲ್ಲ. ಅವರು ಕೇಳಿದ್ದು ತಾವು ಮೊದಲಿನಿಂದಲೂ ನಡೆಯುತ್ತಿದ್ದ ದಾರಿಯನ್ನು. ಅದಕ್ಕೆ ಅರ್ಜಿ ಹಾಕಬೇಕಾಗಿ ಬಂದದ್ದೇ ವಿಚಿತ್ರ. ಹಾಗೆ ಅರ್ಜಿ ಹಾಕುವ ಸರದಿ ಮುಂದೆ ಯಾವ ಊರಿನದು ಎಂಬುದು, ಇನ್ನೂ ಬೇಲಿ ಬೀಳದ ಊರುಗಳು ಈಗ ಏನು ಬರೆದಿಡುತ್ತವೆ ಎಂಬುದನ್ನು ಅವಲಂಬಿಸಿದೆ.